ಠಾಣೆಗೆ ಒಬ್ಬರೇ ಹೋಗಬಹುದಾ?

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾದರೂ ಅಷ್ಟೇ, ಬದುವಿನ ಜಗಳದಲ್ಲಿ ತಲೆ ಒಡೆದರೂ ಅಷ್ಟೇ. ಮೊದಲು ಬರುವ ಮಾತು "ಸ್ಟೇಷನ್‌ಗೆ ಹೋಗೋಣ" ಅಲ್ಲ. "ಯಾರನ್ನ ಕರ್ಕೊಂಡು ಹೋಗೋಣ?" ಎಂಬುದು. ಊರಿನ ಮುಖಂಡರೊಬ್ಬರು, ಪಂಚಾಯ್ತಿ ಮೆಂಬರ್ ಒಬ್ಬರು, ಅವರೂ ಸಿಗದಿದ್ದರೆ ಇಲಾಖೆಯಲ್ಲಿರುವ ದೂರದ ನೆಂಟರ ಫೋನ್ ನಂಬರ್. ಬ್ಯಾಂಕಿಗೆ, ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಒಬ್ಬರೇ ಹೋಗಿ ಬರುವ ಜನ ಠಾಣೆಯ ಗೇಟಿನ ಹತ್ತಿರ ಬಂದಾಗ ಮಾತ್ರ ನಿಂತು ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ.

ಪೊಲೀಸರ ಮೇಲೆ ಜನಸಾಮಾನ್ಯರಿಗೆ ನಂಬಿಕೆ ಇದೆಯಾ ಅಂತ ಸಮೀಕ್ಷೆಗಳು ಕೇಳುತ್ತವೆ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2018ರಲ್ಲಿ ದೇಶದ ಪೊಲೀಸ್ ವ್ಯವಸ್ಥೆಯ ಬಗ್ಗೆ ಹೊರತಂದ ವರದಿಯಲ್ಲಿ, ಪೊಲೀಸರ ಮೇಲೆ ತುಂಬಾ ನಂಬಿಕೆ ಇದೆ ಎಂದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಸೇನೆಯ ವಿಷಯ ಬಂದಾಗ ಹಾಗೆ ಹೇಳಿದವರು ಅರ್ಧಕ್ಕಿಂತ ಜಾಸ್ತಿ. ಆದರೆ ನಂಬಿಕೆ ಅನ್ನುವುದನ್ನು ಹೀಗೆ ನೇರವಾಗಿ ಕೇಳಿದರೆ ಜನ ಆ ಹೊತ್ತಿಗೆ ತೋಚಿದ್ದನ್ನು ಹೇಳುತ್ತಾರೆ. ನನ್ನ ಮಟ್ಟಿಗೆ ಕೇಳಬೇಕಾದ್ದು ಬೇರೆಯೇ. ನಿಮ್ಮ ತಾಯಿ, ನಿಮ್ಮ ತಂಗಿ, ನಿಮ್ಮ ಮನೆ ಕೆಲಸಕ್ಕೆ ಬರುವ ಹೆಂಗಸು, ಇವರಲ್ಲಿ ಯಾರಾದರೂ ಠಾಣೆಗೆ ಒಬ್ಬರೇ ಹೋಗಿ, ಕೂತು, ಹೇಳಬೇಕಾದ್ದನ್ನು ಹೇಳಿ, ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬರಬಹುದಾ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಚಿಕ್ಕಮ್ಮನ ಜೊತೆ ಹೋದ ದಿನ. ಅವರು ಮಳವಳ್ಳಿ ಕಡೆಯವರು. ಮೈಸೂರಿನಲ್ಲಿ ಒಂದು ಮದುವೆಗೆ ಬಂದಿದ್ದರು. ಲಗ್ನದ ದಿನಗಳು, ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಇಳಿದು ಕತ್ತು ಮುಟ್ಟಿ ನೋಡಿಕೊಂಡರೆ ಸರ ಇಲ್ಲ. ಎರಡು ವರ್ಷ ಹಾಲಿನ ದುಡ್ಡು ಕೂಡಿಟ್ಟು ಮಾಡಿಸಿದ ಸರ ಅದು. ಮದುವೆ ಮನೆಗೆ ಹೋಗದೆ ನನಗೆ ಫೋನ್ ಮಾಡಿದರು. ಇಬ್ಬರೂ ಠಾಣೆಗೆ ಹೋದೆವು. ಯಾವ ಠಾಣೆ ಎಂದು ಹೇಳುವುದು ಬೇಡ.

ಒಳಗೆ ದೂರು ಬರೆದುಕೊಳ್ಳುವ ರೈಟರ್ ಮೇಜು. ಮೇಲೆ ಗಾಜು ಹಾಸಿತ್ತು, ಗಾಜಿನ ಕೆಳಗೆ ಚಾಮುಂಡೇಶ್ವರಿಯ ಪಟ. ಅಲ್ಲಿದ್ದವರು ಒರಟಾಗಿ ಏನೂ ಮಾತಾಡಲಿಲ್ಲ. "ಕೂತ್ಕೊಳಮ್ಮ" ಅಂದರು, ನೀರು ಕೊಡಿಸಿದರು. ಎಲ್ಲ ಕೇಳಿಕೊಂಡು, ಒಂದು ಬಿಳಿ ಹಾಳೆ ಕೊಟ್ಟು, "ಸರ ಕಳೆದುಹೋಗಿದೆ ಅಂತ ಬರ್ಕೊಡಿ, ಬೇಗ ಮುಗಿಯುತ್ತೆ" ಅಂದರು. ಚಿಕ್ಕಮ್ಮ ಹಾಳೆ ಮುಟ್ಟಲಿಲ್ಲ. "ಕಳ್ದೋಗಿಲ್ಲ ಸಾಮಿ. ಯಾರೋ ಕಿತ್ಕಂಡವ್ರೆ" ಅಂದರು.

ಎರಡು ಪದಗಳ ನಡುವೆ ಇಷ್ಟು ದೂರ ಇದೆ ಅಂತ ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ಕಳೆದುಹೋಗಿದೆ ಎಂದರೆ ಕಳೆದುಕೊಂಡವಳು ನೀನು, ಜೋಪಾನ ಮಾಡದೆ ಇದ್ದದ್ದು ನಿನ್ನ ತಪ್ಪು. ಕಳುವಾಗಿದೆ ಎಂದರೆ ಕದ್ದವನು ಒಬ್ಬ ಇದ್ದಾನೆ, ಅವನನ್ನು ಹುಡುಕುವುದು ಠಾಣೆಯ ಕೆಲಸ. ಮೊದಲನೆಯದಕ್ಕೆ ಒಂದು ಸ್ವೀಕೃತಿ ಕೊಟ್ಟು ಕಳಿಸಿದರೆ ಆಯಿತು. ಎರಡನೆಯದಕ್ಕೆ ಎಫ್‌ಐಆರ್ ಆಗಬೇಕು, ನಂಬರ್ ಬೀಳಬೇಕು, ತನಿಖಾಧಿಕಾರಿ ಆಗಬೇಕು, ಕೊನೆಗೆ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು.

ಎರಡು ಗಂಟೆ ಕೂತೆವು. "ಸಾಹೇಬ್ರು ಬರಲಿ" ಅನ್ನುತ್ತಿದ್ದರು. ಕೊನೆಗೆ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊರಗೆ ಬಂದು ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಇನ್ನೊಬ್ಬರಿಗೆ ಮಾಡಿದರು. ಅರ್ಧ ಗಂಟೆಯಲ್ಲಿ ದೂರು ಬರೆಸಿಕೊಂಡರು, ಸಂಜೆಯ ಹೊತ್ತಿಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಆ ಫೋನ್ ಕೆಲಸ ಮಾಡಿತು ಎಂಬುದೇ ನನಗೆ ಇವತ್ತಿಗೂ ಬೇಜಾರು. ಏಕೆಂದರೆ ಅದು ಚಿಕ್ಕಮ್ಮನಿಗೆ ಕಲಿಸಿದ ಪಾಠ ಒಂದೇ: ಫೋನ್ ಮಾಡುವವರು ಇದ್ದರೆ ಆಗುತ್ತೆ.

ಕಾನೂನು ಏನು ಹೇಳುತ್ತದೆ? ಚಿಕ್ಕಮ್ಮನ ಕಡೆಗೇ ಇದೆ. 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸ್ಪಷ್ಟವಾಗಿ ಹೇಳಿತು. ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧ ದೂರಿನಲ್ಲಿ ಕಂಡುಬಂದರೆ ಎಫ್‌ಐಆರ್ ಹಾಕಲೇಬೇಕು. ಹಾಕುವುದೂ ಬಿಡುವುದೂ ಠಾಣೆಯ ಇಷ್ಟಕ್ಕೆ ಬಿಟ್ಟದ್ದಲ್ಲ. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕಲಂ 173 ಇನ್ನೂ ಮುಂದೆ ಹೋಗುತ್ತದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಇದು ನಮ್ಮ ಲಿಮಿಟ್‌ಗೆ ಬರಲ್ಲ" ಎಂದು ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರೆ ಸಾಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಎನ್ನುತ್ತದೆ ಕಲಂ 193. ಸಾಕ್ಷಿ ಹೇಳಿಕೆಗೆ ಹೆಂಗಸರನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬನ್ನಿ ಎಂದು ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಪೊಲೀಸರು ಹೋಗಬೇಕು.

ಆದರೆ ಇದೇ ಕಾನೂನಿನಲ್ಲಿ ಒಂದೆರಡು ಸಂದುಗಳೂ ಇವೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಂಥ ದೂರು ಎನ್‌ಸಿಆರ್, ಅಂದರೆ ಪೊಲೀಸರು ತಾವೇ ತನಿಖೆ ಮಾಡಲಾಗದ ಅಪರಾಧದ ವರದಿ, ಆಗಿ ಪುಸ್ತಕದಲ್ಲಿ ಉಳಿಯುತ್ತದೆ. ಕೂಲಿಯವರ ಹಳೇ ಮೊಬೈಲು ಎಷ್ಟು ಬಾಳುತ್ತದೆ ಹೇಳಿ. ಅವರಿಗೆ ಅದು ಒಂದು ವಾರದ ದುಡಿಮೆ. ಇನ್ನೊಂದು, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಅದಕ್ಕೆ ಡಿವೈಎಸ್‌ಪಿ ಅನುಮತಿ ಬೇಕು. "ಹದಿನಾಲ್ಕು ದಿನ ಬಿಟ್ಟು ಬನ್ನಿ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುವುದು ಆ ಕಲಂ ಅಲ್ಲ. ನಿಮ್ಮನ್ನು ಹಾಗೆ ಕಳಿಸಿದರೆ ಹಿಂಬರಹ, ಅಂದರೆ ದೂರಿಗೆ ಲಿಖಿತ ಉತ್ತರ, ಬರೆದುಕೊಡಿ ಎಂದು ಕೇಳಿ. ಹಿಂಬರಹ ಎಂಬ ಆ ಒಂದು ಪದಕ್ಕೆ ಕಚೇರಿಗಳಲ್ಲಿ ಬಲ ಇದೆ.

ಹಾಗಾದರೆ ಪೊಲೀಸರು ಯಾಕೆ ಹಿಂದೇಟು ಹಾಕುತ್ತಾರೆ? ಸೋಮಾರಿತನ, ಲಂಚ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟೇ ಅಲ್ಲ. ಎಫ್‌ಐಆರ್ ಸಂಖ್ಯೆ ಜಾಸ್ತಿಯಾದರೆ ಆ ಠಾಣೆಯಲ್ಲಿ ಅಪರಾಧ ಜಾಸ್ತಿಯಾಗಿದೆ ಎಂದು ಮೇಲಿನವರು, ಪೇಪರಿನವರು ಓದುತ್ತಾರೆ. ದೂರು ಬರೆಸಿಕೊಂಡ ಠಾಣೆಗೆ ಬೈಗುಳ, ಬರೆಸಿಕೊಳ್ಳದ ಠಾಣೆಗೆ ಶಹಬ್ಬಾಸ್. ಜನ ಧೈರ್ಯವಾಗಿ ಬಂದು ದೂರು ಕೊಟ್ಟರೂ ಸಂಖ್ಯೆ ಏರುತ್ತದೆ, ಅದು ಒಳ್ಳೆಯ ಸೂಚನೆಯೂ ಆಗಿರಬಹುದು ಎಂದು ನೋಡುವ ಕಣ್ಣು ನಮಗಿನ್ನೂ ಬಂದಿಲ್ಲ.

ಇನ್ನು ಕೈಗಳೇ ಸಾಲದು. ಕಳ್ಳತನದ ತನಿಖೆ ಮಾಡಬೇಕಾದವರೇ ಬಂದೋಬಸ್ತಿಗೂ ಹೋಗಬೇಕು. ಮೈಸೂರಿನಲ್ಲಿ ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟ, ಆಮೇಲೆ ಗಣೇಶ, ಆಮೇಲೆ ದಸರಾ. ಮಂಡ್ಯದಲ್ಲಿ ಕೆಆರ್‌ಎಸ್ ನೀರು ತಮಿಳುನಾಡಿಗೆ ಬಿಡಿ ಎಂಬ ಆದೇಶ ಬಂದರೆ ಸಾಕು, ಹೆದ್ದಾರಿಯುದ್ದಕ್ಕೂ ಖಾಕಿ. 2016ರ ಸೆಪ್ಟೆಂಬರ್, 2023ರ ಸೆಪ್ಟೆಂಬರ್ ನೆನಪಿರುವವರಿಗೆ ಇದು ಗೊತ್ತು. ಆ ದಿನಗಳಲ್ಲಿ ಕೇಸಿನ ಕಡತ ಮೇಜಿನ ಮೇಲೆ ಹಾಗೇ ಇರುತ್ತದೆ. ಅದೇ ಕಾಮನ್ ಕಾಸ್, ಸಿಎಸ್‌ಡಿಎಸ್ ಸಂಸ್ಥೆಗಳ 2019ರ ವರದಿ ದೇಶದ ಪೊಲೀಸರು ಸರಾಸರಿ ದಿನಕ್ಕೆ 14 ಗಂಟೆ ದುಡಿಯುತ್ತಾರೆ ಎಂದಿತ್ತು. ನಮ್ಮ ರಾಜ್ಯದಲ್ಲೇ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಪೇದೆಗಳು ಹೊರಟಿದ್ದರು. ಸಂಬಳ, ರಜೆ, ಮೇಲಧಿಕಾರಿಗಳ ನಡವಳಿಕೆ, ಇವೇ ಅವರ ನೋವು. ತನ್ನನ್ನು ಏಕವಚನದಲ್ಲಿ ಕರೆಯುವ ಕಡೆ ದಿನವಿಡೀ ನಿಂತು ಬಂದವನು ದೂರುದಾರನನ್ನು "ಬನ್ನಿ ಸರ್" ಎಂದು ಕರೆಯಬೇಕು ಅಂದರೆ ಕಷ್ಟ ಅಲ್ವಾ? ಇದನ್ನು ಪೊಲೀಸರ ತಪ್ಪು ಮುಚ್ಚಲು ಹೇಳುತ್ತಿಲ್ಲ. ತಪ್ಪು ಎಲ್ಲಿಂದ ಹರಿದು ಬರುತ್ತದೆ ಎಂದು ನೋಡಬೇಕು ಅಂತ ಹೇಳುತ್ತಿದ್ದೇನೆ.

ತನಿಖೆ ಅವಸರದಲ್ಲಿ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಜಿಲ್ಲೆಯದೇ ಒಂದು ಪ್ರಕರಣ ಇದೆ. ಓದಿದ ದಿನ ನನಗೆ ಊಟ ಸೇರಲಿಲ್ಲ. ಕುಶಾಲನಗರದ ಹತ್ತಿರದ ಆದಿವಾಸಿ ಕೂಲಿ ಕಾರ್ಮಿಕನೊಬ್ಬನ ಹೆಂಡತಿ ಮನೆ ಬಿಟ್ಟು ಹೋದಳು. ಕಾಣೆಯಾಗಿದ್ದಾಳೆ ಎಂದು ಠಾಣೆಗೆ ಹೋಗಿ ದೂರು ಕೊಟ್ಟವನು ಅವನೇ. ಆಮೇಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವನ ಹೆಂಡತಿಯದೇ, ಕೊಂದವನು ಅವನೇ ಎಂದು ಪೊಲೀಸರು ಆರೋಪಪಟ್ಟಿ ಹಾಕಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಕೇಸು ನಡೆಯಿತು, ಅವನು ಜೈಲಿನಲ್ಲಿ ವರ್ಷಕ್ಕೂ ಮೇಲ್ಪಟ್ಟು ಕೊಳೆತ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ಮೈಸೂರಿನ ನ್ಯಾಯಾಲಯ ಅವನನ್ನು ಆರೋಪದಿಂದ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಆ ಹಾಡಿಯಲ್ಲಿ ನಾಳೆ ಯಾರದಾದರೂ ಹೆಂಡತಿ ಕಾಣೆಯಾದರೆ ಗಂಡ ಠಾಣೆಗೆ ಹೋಗುತ್ತಾನಾ? ಒಬ್ಬನೇ ಹೋಗುತ್ತಾನಾ?

ಠಾಣೆಗೇ ಹೋಗದವರಿಗೂ ಪೊಲೀಸರು ಎದುರಾಗುವುದು ರಸ್ತೆಯಲ್ಲಿ. 2025ರ ಮೇ ಕೊನೆಯಲ್ಲಿ ಮದ್ದೂರು ತಾಲ್ಲೂಕಿನ ದಂಪತಿ ನಾಯಿ ಕಚ್ಚಿದ ಮಗಳನ್ನು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆತರುತ್ತಿದ್ದರು. ಮಗುವಿಗೆ ಮೂರು ವರ್ಷ. ಸ್ವರ್ಣಸಂದ್ರದ ಬಳಿ ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ತಡೆದರು. ಮಗು ರಸ್ತೆಗೆ ಬಿತ್ತು, ಮೇಲೆ ವಾಹನ ಹರಿಯಿತು. ಅದೇ ರಸ್ತೆಯಲ್ಲಿ ಜನ ಕೂತರು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರಿಂದ ಸೂಚನೆ ಬಂತು: ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಗಾಡಿ ತಡೆಯಬೇಡಿ, ಕೀ ಕಿತ್ತುಕೊಳ್ಳಬೇಡಿ. ಒಳ್ಳೆಯ ಸೂಚನೆಯೇ. ಅದನ್ನು ಹೇಳಬೇಕಾಗಿ ಬಂತಲ್ಲ ಎಂಬುದೇ ಸಂಕಟ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಕ್ಯಾಮೆರಾ ದಂಡ ಹಾಕಿದರೆ ಜನ ಗೊಣಗುತ್ತಾರೆ, ಆದರೆ ಕಟ್ಟುತ್ತಾರೆ. ಅದು ಎಂಎಲ್‌ಎ ಕಡೆಯವರ ಕಾರು, ಇದು ರೈತನ ಪಿಕಪ್ ಎಂದು ನೋಡುವುದಿಲ್ಲ ಎಂಬ ಸಮಾಧಾನ. 112ಕ್ಕೆ ಫೋನ್ ಮಾಡಲು ಮಂಡ್ಯದ ಹಳ್ಳಿಯ ಹೆಂಗಸರೂ ಈಗ ಹಿಂಜರಿಯುವುದಿಲ್ಲ. ಗಂಡ ಕುಡಿದು ಹೊಡೆದರೆ, ರಾತ್ರಿ ಹೊತ್ತು ಬಾಗಿಲು ಬಡಿದರೆ, ಮೊದಲು ಒತ್ತುವುದು ಆ ಮೂರು ಅಂಕಿ. ಸೈಬರ್ ಮೋಸಕ್ಕೆ 1930. ಅಲ್ಲೂ ದೂರಿಗೊಂದು ನಂಬರ್ ಸಿಗುತ್ತದೆ. ಠಾಣೆಗೆ ಹೋಗಲು ಹೆದರುವ ಜನ 112ಕ್ಕೆ ಹೆದರುವುದಿಲ್ಲ ಯಾಕೆ? ಅಲ್ಲಿ ಕರೆ ದಾಖಲಾಗುತ್ತದೆ. ಯಾವಾಗ ಮಾಡಿದರು, ಗಾಡಿ ಯಾವಾಗ ಬಂತು ಎಂಬುದು ಉಳಿಯುತ್ತದೆ. ನಡುವೆ ಯಾರ ಶಿಫಾರಸೂ ಬೇಕಿಲ್ಲ. ಅಂದರೆ ಜನಕ್ಕೆ ಖಾಕಿಯ ಮೇಲೇ ಅಪನಂಬಿಕೆ ಅಲ್ಲ. ಗುರುತು ಉಳಿಯದ, ಬಾಯಿಮಾತಿನ ವ್ಯವಹಾರದ ಮೇಲೆ ಅಪನಂಬಿಕೆ.

ಬಾಯಿಮಾತಿನ ವ್ಯವಹಾರ ಎಂದರೆ ರಾಜಿ ಪಂಚಾಯ್ತಿಯೂ ಸೇರಿತು. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಣ್ಣತಮ್ಮಂದಿರ ಬದುವಿನ ಜಗಳ ಇನ್‌ಸ್ಪೆಕ್ಟರ್ ಮುಂದೆ ಒಂದು ಮುಚ್ಚಳಿಕೆಯಲ್ಲಿ ಮುಗಿದರೆ ಹತ್ತು ವರ್ಷದ ಕೋರ್ಟ್ ಅಲೆದಾಟ ತಪ್ಪುತ್ತದೆ. ಆದರೆ ಹೆಂಡತಿಗೆ ಹೊಡೆದವನನ್ನೂ, ದಲಿತ ಕೇರಿಯವನ ಮೇಲೆ ಕೈ ಮಾಡಿದವನನ್ನೂ ಅದೇ ಬೆಂಚಿನ ಮೇಲೆ ಕೂರಿಸಿ "ಹೊಂದ್ಕೊಂಡು ಹೋಗ್ರಪ್ಪ" ಅನ್ನುವಾಗ ರಾಜಿಯ ಭಾರ ಯಾರ ಹೆಗಲಿಗೆ ಬೀಳುತ್ತದೆ? ಯಾವಾಗಲೂ ಜೊತೆಗೆ ಮುಖಂಡರನ್ನು ಕರೆತರಲಾಗದವರ ಹೆಗಲಿಗೆ.

ನಂಬಿಕೆ ಇಲ್ಲದಿದ್ದರೆ ಜನಕ್ಕೆ ಮಾತ್ರ ನಷ್ಟ ಎಂದುಕೊಳ್ಳಬೇಡಿ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಎಂಬುದು ಬಯಲಾಯಿತು. ಬಯಲು ಮಾಡಿದ್ದು ಇಲ್ಲಿಯವರಲ್ಲ, ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಬೆಲ್ಲ ಕಾಯಿಸುವ ಜಾಗಕ್ಕೆ ಗರ್ಭಿಣಿಯರು ಬಂದು ಹೋಗುವುದನ್ನು ಸುತ್ತಲಿನವರು ಯಾರೂ ಗಮನಿಸಲಿಲ್ಲ ಎಂದು ಒಪ್ಪಲು ನನಗೆ ಕಷ್ಟ. ಕಬ್ಬಿನ ಗದ್ದೆಯಲ್ಲಿ ಹೊಸ ಬೈಕ್ ಬಂದು ನಿಂತರೂ "ಯಾರ ಮನೆಗೆ?" ಎಂದು ಕೇಳುವ ಸೀಮೆ ಇದು. ಕಂಡವರು ಯಾಕೆ ಹೇಳಲಿಲ್ಲ? ಹೇಳಿದರೆ ತನ್ನ ಹೆಸರು ಸಂಜೆಯೊಳಗೆ ಆ ದಂಧೆಯವರಿಗೇ ತಲುಪುತ್ತದೆ ಎಂಬ ಭಯ ಇರುವ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಪೊಲೀಸರ ಕಣ್ಣು ಕಿವಿ ಎಂದರೆ ಜನವೇ.

ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್‌ನ ಗಣೇಶ ಮೆರವಣಿಗೆಯ ದಿನ ಅಂಗಡಿಗಳು ಸುಟ್ಟವು, ಇನ್‌ಸ್ಪೆಕ್ಟರ್ ಅಮಾನತಾದರು. 2025ರ ಫೆಬ್ರವರಿಯಲ್ಲಿ ಮೈಸೂರಿನ ಉದಯಗಿರಿಯಲ್ಲಿ ಜಾಲತಾಣದ ಒಂದು ಪೋಸ್ಟ್ ಕಾರಣವಾಗಿ ಠಾಣೆಯ ಮೇಲೆಯೇ ಕಲ್ಲು ಬಿತ್ತು. ಕಲ್ಲು ಎಸೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಠಾಣೆ ಅವರದು, ನಮ್ಮದಲ್ಲ ಎಂದು ಒಂದು ಬೀದಿಗೆ ಅನ್ನಿಸತೊಡಗಿದರೆ ಸುದ್ದಿಗಿಂತ ಗಾಳಿಮಾತಿಗೇ ಕಾಲು ಜಾಸ್ತಿ.

ದಾರಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ತನಿಖೆ ಮಾಡುವವರನ್ನು ಬಂದೋಬಸ್ತಿನವರಿಂದ ಬೇರೆ ಮಾಡಿ, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಕೆಲಸ ಮಾಡಲು ಬಿಡಿ, ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲೆಯಲ್ಲೂ ರಾಜ್ಯದಲ್ಲೂ ಪ್ರಾಧಿಕಾರ ಮಾಡಿ. ನಮ್ಮ ಊರುಗಳಲ್ಲಿ ಈಗಲೂ "ಒಳ್ಳೆ ಇನ್‌ಸ್ಪೆಕ್ಟರ್ ಬಂದವ್ರೆ" ಎಂಬ ಮಾತು ಕೇಳುತ್ತದೆ. ಆ ಮಾತಿನಲ್ಲೇ ಕಾಯಿಲೆ ಇದೆ. ನಂಬಿಕೆ ಇರುವುದು ಆ ಒಬ್ಬ ಮನುಷ್ಯನ ಮೇಲೆ, ಠಾಣೆಯ ಮೇಲೆ ಅಲ್ಲ. ಅವರಿಗೆ ವರ್ಗವಾದ ದಿನ ಅದೂ ಲಾರಿಯಲ್ಲಿ ಸಾಮಾನಿನ ಜೊತೆ ಹೊರಟುಹೋಗುತ್ತದೆ. ರಾಜ್ಯ ಸರ್ಕಾರ 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರು ಮಾಡಿತು. ಪೇದೆಯ ಹಳೆಯ ಸ್ಲೋಚ್ ಟೋಪಿ ಹೋಗಿ ಹೊಸ ಪೀಕ್ ಕ್ಯಾಪ್ ಬಂತು. ಮನೆ ಬಾಗಿಲಿಗೆ ಪೊಲೀಸರು ಬಂದು ನಂಬರ್ ಕೊಟ್ಟು ಹೋಗುವುದು ನನಗೆ ಇಷ್ಟವೇ. ಪೇದೆಗೂ ಮರ್ಯಾದೆ ಇರುವ ಟೋಪಿ ಬೇಕು. ಆದರೆ ಠಾಣೆಗೆ ಬಂದ ಪ್ರತಿಯೊಬ್ಬರಿಗೂ, ದೂರು ಎಷ್ಟೇ ಸಣ್ಣದಿರಲಿ, ಹೊತ್ತು, ತಾರೀಕು, ತೆಗೆದುಕೊಂಡವರ ಹೆಸರು ಇರುವ ಒಂದು ಚೀಟಿ ತಾನಾಗಿಯೇ ಸಿಗಲಿ. ಕೇಳದೆಯೇ ಸಿಗಲಿ. ಹಾಲಿನ ಡೇರಿಯಲ್ಲಿ ಅರ್ಧ ಲೀಟರ್ ಹಾಕಿದರೂ ಚೀಟಿ ಕೊಡುತ್ತಾರಲ್ಲ, ಹಾಗೆ.

ಚಿಕ್ಕಮ್ಮನ ಸರ ಇನ್ನೂ ಸಿಕ್ಕಿಲ್ಲ. ಎಫ್‌ಐಆರ್ ಪ್ರತಿಯನ್ನು ಅವರು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಹೋದ ತಿಂಗಳು ಪಕ್ಕದ ಮನೆಯ ಹುಡುಗಿಯ ಮೊಬೈಲನ್ನು ಸಂತೆಯಲ್ಲಿ ಯಾರೋ ಹಾರಿಸಿದರು. ಹುಡುಗಿ ಠಾಣೆಗೆ ಹೋಗಲು ಹೆದರಿ ಅಳುತ್ತಿದ್ದಳಂತೆ. ಚಿಕ್ಕಮ್ಮ ಆ ಕವರನ್ನು ಕೈಯಲ್ಲಿ ಹಿಡಿದುಕೊಂಡು ಹೊರಟರು. "ನಾನ್ ಬತ್ತೀನಿ ನಡಿ. ಕಳ್ದೋಯ್ತು ಅಂತ ಮಾತ್ರ ಬರೀಬ್ಯಾಡ."